ಕಾಕಾನ ಬಂದೂಕಿಗೆ ಟೆಸ್ಟಿಂಗ್ ಯಾರು ಮಾಡ್ತಾರೆ?

ಕಳೆದ ವಾರ ಇಳಕಲ್ಲಿನ ಹಳೇ ಕ್ಲಾಸ್‌ಮೇಟೊಬ್ಬ ವಾಟ್ಸಾಪಿಗೆ ಒಂದು ವಿಡಿಯೋ ಕಳಿಸಿದ. ಅಮೆರಿಕದ ಯಾರೋ ಒಬ್ಬ ಟೋಪಿಯವನು ಬಯಲಲ್ಲಿ ನಿಂತು ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನಿಗೆ ಹತ್ತು ಥರದ ಕಾಡತೂಸು ತುಂಬಿ ಒಂದೊಂದಾಗಿ ಹೊಡೆದು ನೋಡುತ್ತಾನೆ. ಹಗುರದ್ದು, ಭಾರದ್ದು, ಸಣ್ಣ ಚರೆ, ದಪ್ಪ ಚರೆ, ಒಂದೇ ಗುಂಡಿನದು.... ಯಾವುದು ಸಲೀಸಾಗಿ ಓಡಿತು, ಯಾವುದು ಒಳಗೇ ಸಿಕ್ಕಿಹಾಕಿಕೊಂಡಿತು ಅಂತ ಪಟ್ಟಿ ಮಾಡುತ್ತಾನೆ. ಇಪ್ಪತ್ತು ನಿಮಿಷದ ವಿಡಿಯೋ. ನಾನು ಪೂರ್ತಿ ನೋಡಿದೆ.

ಅದರ ಕೆಳಗೆ ನಮ್ಮ ಗ್ರೂಪಿನ ಹುಡುಗರ ಮಾತು ಶುರುವಾಯಿತು. "ಇಂಥದ್ದೊಂದು ನಮಗೂ ಬೇಕಲೇ." "ಹಲಗಲಿ ರಕ್ತ ಐತಿ ನಮ್ಮೊಳಗ, ಸರಕಾರ ಬಂದೂಕ ಕಸಗೊಂಡು ಕುಂತೈತಿ." ಇನ್ನೊಂದು ಕಡೆಯಿಂದ ಬೆಂಗಳೂರಿನಲ್ಲಿರುವ ಗೆಳತಿಯೊಬ್ಬಳು, "ಛೀ, ಬಂದೂಕಿನ ಸುದ್ದಿಯೇ ಬೇಡ, ಅಮೆರಿಕದ ಸ್ಕೂಲುಗಳ ಗತಿ ನೋಡಿಲ್ವಾ" ಅಂದಳು. ರಾತ್ರಿ ಹನ್ನೆರಡರವರೆಗೆ ಜಗಳ. ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅಲ್ಲಿ ಬರೆಯಲು ಹೋದರೆ ಯಾರೂ ಓದುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತೆ, ಚಹಾ ತಗೊಂಡು ಕೂತ್ಕೊಳ್ಳಿ :)

ಮೊದಲು ಆ ವಿಡಿಯೋದವನ ಬಗ್ಗೆ. ಅವನು ಮಾಡಿದ್ದು ಶುದ್ಧ ಟೆಸ್ಟಿಂಗ್ ಕೆಲಸ. ನಾವು ಆಫೀಸಿನಲ್ಲಿ ಮಾಡುವುದೂ ಅದನ್ನೇ ಅಲ್ಲವೇ? ಪ್ರೋಗ್ರಾಂ ಒಂದು, ಇನ್‌ಪುಟ್ ಹತ್ತು. ಯಾವ ಇನ್‌ಪುಟ್ಟಿಗೆ ಬೀಳುತ್ತೆ ಅನ್ನೋದನ್ನ ಗಿರಾಕಿಯ ಕೈಗೆ ಕೊಡುವ ಮುಂಚೆ ಕಂಡುಹಿಡಿಯಬೇಕು. ಸೆಮಿ ಆಟೊಮ್ಯಾಟಿಕ್ ಬಂದೂಕಿಗೆ ಇದು ಇನ್ನೂ ಮುಖ್ಯ. ಯಾಕೆಂದರೆ ಖಾಲಿ ಕಾಡತೂಸನ್ನು ಹೊರಗೆಸೆದು ಮುಂದಿನದನ್ನು ಒಳಗೆಳೆಯಲು ಬೇಕಾದ ಶಕ್ತಿ ಹಾರಿದ ಕಾಡತೂಸಿನಿಂದಲೇ ಬರಬೇಕು. ಕೆಲವು ಬಂದೂಕು ನಳಿಗೆಯೊಳಗಿನ ಗ್ಯಾಸಿನಲ್ಲಿ ಒಂದಿಷ್ಟನ್ನು ಕದ್ದು ಆ ಕೆಲಸ ಮಾಡುತ್ತವೆ, ಕೆಲವು ಹಿಂದಕ್ಕೆ ಒದೆಯುವ ಬಲದಿಂದ. ಕಾಡತೂಸು ಹಗುರವಾದರೆ ಬಲ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ.

ಜಾನ್ ಬ್ರೌನಿಂಗ್ ಅನ್ನುವ ಅಮೆರಿಕದ ಮಹಾನುಭಾವ ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲೇ ಇಂಥ ಬಂದೂಕು ಮಾಡಿದ್ದ. ಆಟೊ-5 ಅಂತ ಹೆಸರು, ಬೆಲ್ಜಿಯಂನಲ್ಲಿ ತಯಾರಾಗುತ್ತಿತ್ತು. ಹೊಡೆದಾಗ ಅದರ ನಳಿಗೆಯೇ ಹಿಂದಕ್ಕೆ ಸರಿಯುತ್ತೆ. ಆ ಓಟಕ್ಕೆ ಬ್ರೇಕ್ ಹಾಕಲು ಒಳಗೊಂದು ಉಂಗುರ. ಭಾರದ ಕಾಡತೂಸಿಗೆ ಉಂಗುರ ಒಂದು ಕಡೆ, ಹಗುರದ್ದಕ್ಕೆ ಇನ್ನೊಂದು ಕಡೆ ಇಡಬೇಕು. ಭಾರಕ್ಕೆ ಹೊಂದಿಸಿ ಹಗುರ ಹಾಕಿದರೆ ಬಂದೂಕು ಅರ್ಧಕ್ಕೇ ನಿಲ್ಲುತ್ತೆ. ಹಗುರಕ್ಕೆ ಹೊಂದಿಸಿ ಭಾರ ಹಾಕಿದರೆ ತನ್ನನ್ನು ತಾನೇ ಗುದ್ದಿಕೊಂಡು ಕಟ್ಟಿಗೆಯ ಹಿಡಿ ಬಿರುಕು ಬಿಡುತ್ತೆ. ಬಂದೂಕು, ಕಾಡತೂಸು ಎರಡೂ ಸೇರಿಯೇ ಒಂದು ಯಂತ್ರ ಅನ್ನೋದು ಆ ಮನುಷ್ಯನಿಗೆ ನೂರಿಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಈಗ ಹಲಗಲಿ ರಕ್ತದವರ ಕಡೆ ಬರೋಣ.

ಹಲಗಲಿ ಇರೋದು ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಾಗ ಅಲ್ಲಿನ ಬೇಡರು ಕೊಡಲ್ಲ ಅಂದರು. ಆ ವರ್ಷದ ನವೆಂಬರ್ ಕೊನೆಗೆ ದಂಡು ಬಂದು ಊರು ಸುತ್ತುವರಿದು ಬೆಂಕಿ ಹಚ್ಚಿತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅದರ ಮೇಲೆ ಕಟ್ಟಿದ ಲಾವಣಿಯನ್ನು ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲೂ ಅದು ಬಂದಿದೆ. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಮರೆತೆವು, ಇರಲಿ ಬಿಡಿ.

ಆದರೆ ಲಾವಣಿ ನೆನಪಿದ್ದವರು ಹೇಳಲಿ. ಅದರಲ್ಲಿ ಬಂದೂಕಿನ ಜಂಬ ಎಲ್ಲಿದೆ? ಆಯುಧ ಹೋದರೆ ಬದುಕೇ ಹೋಯಿತು ಅನ್ನುವ ಸಂಕಟ ಇದೆ. ಕೊನೆಗೆ ಲೂಟಿಯಾದ ಸಾಮಾನುಗಳ ಪಟ್ಟಿ ಬರುತ್ತೆ, ಅಡಿಗೆಮನೆಯ ಸಣ್ಣಪುಟ್ಟ ಸಾಮಾನುಗಳವರೆಗೆ. ಆ ಬೇಡರಿಗೆ ಆಯುಧ ಅಂದರೆ ಕಸುಬಿನ ಸಲಕರಣೆ, ನೇಕಾರನಿಗೆ ಲಾಳಿ ಇದ್ದ ಹಾಗೆ. ಅವರ ಹೆಸರು ಹೇಳಿಕೊಂಡು ನಾವು ಎಸಿ ರೂಮಿನಲ್ಲಿ ಕೂತು ಸೆಮಿ ಆಟೊಮ್ಯಾಟಿಕ್ ಬೇಕು ಅಂತ ಸ್ಟೇಟಸ್ ಹಾಕೋದು ಅವರಿಗೆ ಮಾಡುವ ಅವಮಾನ. ಇವತ್ತು ನಮ್ಮ ಕಡೆ ಬಂದೂಕು ಕಸುಬಿನ ಸಲಕರಣೆಯಾಗಿ ಉಳಿದಿರುವುದು ಒಂದೇ ಕಡೆ, ಹಂದಿ ಕಾಟ ಇರುವ ಹೊಲದಲ್ಲಿ. ಹಲಗಲಿಯವರ ವಾರಸುದಾರ ಯಾರಾದರೂ ಇದ್ದರೆ ಅವನು ಆ ಹೊಲದ ರೈತ. ಅವನ ಬಂದೂಕಿನ ಗತಿ ಏನು ಅಂತ ಯಾರಾದರೂ ಕೇಳಿದ್ದೀರಾ?

ಕಾನೂನು ಏನನ್ನುತ್ತೆ ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ, ಬೆಳೆ ಕಾಯಲು ಲೈಸನ್ಸ್ ಕೇಳಿದವನಿಗೆ ಮೊದಲ ಆಯ್ಕೆ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕಾಡತೂಸು ಹಾಕುವ ಬಂದೂಕು. ಸೆಮಿ ಆಟೊಮ್ಯಾಟಿಕ್ ಬಂದೂಕುಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿಟ್ಟಿವೆ. ಹುಡುಗರೇ, ಆ ಆಸೆ ಅಲ್ಲಿಗೇ ಬಿಡಿ. ಅದರ ಬಗ್ಗೆ ನನಗೆ ತಕರಾರೂ ಇಲ್ಲ. ಹಂದಿ ಓಡಿಸಲು ಸೆಕೆಂಡಿಗೊಂದು ಗುಂಡು ಹಾರಿಸುವ ಯಂತ್ರ ಯಾವ ರೈತನೂ ಕೇಳಿಲ್ಲ.

ನನ್ನ ತಕರಾರು ಬೇರೆ. ರೈತನ ಕೈಗೆ ಒಂಟಿ ನಳಿಗೆ ಬಂದೂಕು ಕೊಟ್ಟಿರಿ, ಸರಿ. ಅದನ್ನು ಒಂದೇ ಒಂದು ಸಲ ಹೊಡೆದು ನೋಡಲು ಅವನಿಗೆ ಜಾಗ ಎಲ್ಲಿದೆ? ಕಾಡತೂಸು ಎಲ್ಲಿದೆ? ಹೇಳಿಕೊಡುವವರು ಯಾರು?

ಇದು ನನಗೆ ಅರ್ಥವಾಗಿದ್ದು ನಮ್ಮ ಕಾಕಾನಿಂದ.

ಹುನಗುಂದ ತಾಲ್ಲೂಕಿನಲ್ಲಿ ನಮ್ಮ ಹೊಲ. ಜೋಳ, ತೊಗರಿ, ಕಡಲೆ. ನೀರಿರುವ ಎರಡು ಎಕರೆಯಲ್ಲಿ ಗೋವಿನಜೋಳ. ತೆನೆ ಹಾಲುಗಟ್ಟುವ ಹೊತ್ತಿಗೆ ಗುಡ್ಡದ ಕಡೆಯಿಂದ ಹಂದಿ ಹಿಂಡು ಇಳಿಯುತ್ತೆ. ಅವು ತಿನ್ನುವುದು ಕಾಲು ಭಾಗ, ತುಳಿದು ಮಲಗಿಸುವುದು ಮುಕ್ಕಾಲು ಭಾಗ. ಬಾದಾಮಿ ಕಡೆ ಗುಡ್ಡದ ಅಂಚಿಗೆ ಶೇಂಗಾ ಹಾಕುವ ನಮ್ಮ ಬೀಗರೂ ಇದನ್ನೇ ಹೇಳುತ್ತಾರೆ. ಕಾಕಾನ ಹತ್ತಿರ ಅಜ್ಜನ ಕಾಲದಿಂದ ಬಂದ ಹನ್ನೆರಡು ಬೋರಿನ ಒಂಟಿ ನಳಿಗೆ ಬಂದೂಕಿದೆ, ಲೈಸನ್ಸ್ ಕಾಕಾನ ಹೆಸರಿಗೆ ಆಗಿದೆ. ಖಂಡೇನವಮಿ ದಿನ ಅದಕ್ಕೆ ವಿಭೂತಿ ಹಚ್ಚಿ ಚೆಂಡು ಹೂವು ಏರಿಸುತ್ತಾರೆ. ವರ್ಷದಲ್ಲಿ ಆ ಬಂದೂಕಿಗೆ ಆಗುವ ಸರ್ವಿಸಿಂಗ್ ಅಷ್ಟೇ.

ಹೋದ ಸಲ ನಾನು ಊರಿಗೆ ಹೋಗುವ ಎರಡು ದಿನ ಮುಂಚೆ, ರಾತ್ರಿ ಎರಡು ಗಂಟೆಗೆ ಹಂದಿ ಬಂದವು. ಕಾಡುಹಂದಿಯನ್ನು ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹಾಗಾಗಿ ಕಾಕಾ ಹೊಡೆಯುವುದು ಸಪ್ಪಳಕ್ಕೆ. ಅಟ್ಟದ ಮೇಲೆ ನಿಂತು ಒಂದು ಹಾರಿಸಿದರು, ಹಂದಿ ಓಡಿದವು, ಕಾಕಾ ಮಲಗಿದರು. ಬೆಳಿಗ್ಗೆ ಪಕ್ಕದ ಹೊಲದವರು ಬಂದು ಏನೂ ಮಾತಾಡದೆ ಕಾಕಾನನ್ನು ಕರೆದುಕೊಂಡು ಹೋಗಿ ತಮ್ಮ ಪಂಪಿನ ಶೆಡ್ಡು ತೋರಿಸಿದರು. ತಗಡಿನಲ್ಲಿ ಕಿರುಬೆರಳು ಹೋಗುವಷ್ಟು ತೂತು. ಅಟ್ಟದಿಂದ ನೂರೈವತ್ತು ಹೆಜ್ಜೆ ದೂರ. ಒಳಗಿನ ಹೊರಸಿನ ಮೇಲೆ ಅವರ ಹುಡುಗ ಮಲಗುತ್ತಾನೆ, ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ನೀರು ಹಾಯಿಸಲು. ಆ ಹೊತ್ತಿಗೆ ನೀರು ತಿರುವಲು ಎದ್ದು ಹೋಗಿದ್ದನಂತೆ.

ಅವರು ಕಂಪ್ಲೇಂಟ್ ಕೊಡಲಿಲ್ಲ. ಮೂರು ತಲೆಮಾರಿನ ನೆರೆಹೊರೆ. ಆದರೆ ಆ ಮನೆಯ ಹೆಂಗಸರು ನಮ್ಮ ಚಿಗವ್ವನ ಜೊತೆ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ.

ನಾನು ಕೇಳಿದೆ, "ಕಾಕಾ, ಯಾವ ಕಾಡತೂಸ ಹಾಕಿದ್ರಿ?"

"ಎಲ್ಜಿ ತಮ್ಮಾ. ದೊಡ್ಡ ಪ್ರಾಣಿಗೆ ಇದ ಬೇಕ್ರಿ ಅಂತ ಅಂಗಡ್ಯಾಂವ ಕೊಟ್ಟ, ತಗೊಂಡು ಬಂದ್ನಿ."

"ಅದನ್ನ ಹಗಲಿ ಎಂದರ ಹೊಡದ್ ನೋಡೀರೇನು?"

ಕಾಕಾ ನಕ್ಕರು. "ಹೊಡದ್ ನೋಡಾಕ ಅವೇನ್ ಪಟಾಕಿ ಏನೋ? ಇಷ್ಟ ಅಂತ ಪುಸ್ತಕದಾಗ ಬರದಾರ. ಖಾಲಿ ಕೊಳವಿ ಸೈತ ಡಬ್ಬ್ಯಾಗ ಹಾಕಿ ಇಟ್ಟೀನಿ, ಯಾರರ ಕೇಳಿದ್ರ ಲೆಕ್ಕ ಕೊಡಬೇಕಲ್ಲ."

ಇದೇ ನೋಡಿ ನನ್ನ ಇಡೀ ವಾದ. ಮೂವತ್ತು ವರ್ಷದಿಂದ ಬಂದೂಕು ಇಟ್ಟುಕೊಂಡ ಮನುಷ್ಯ ತನ್ನ ಬಂದೂಕಿನಿಂದ ಹೊರಟ ಚರೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲವೂ ಹಗಲಿನಲ್ಲಿ ನೋಡಿಲ್ಲ. ಅವರು ಮಾಡಿದ ಮೊದಲ ಟೆಸ್ಟು ರಾತ್ರಿ ಎರಡು ಗಂಟೆಗೆ, ಪಕ್ಕದ ಮನೆ ಹುಡುಗನ ಹೊರಸಿನ ದಿಕ್ಕಿಗೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಬೇಜಾರಾಗಬೇಡಿ. ಹನ್ನೆರಡು ಬೋರ್ ಅಂದರೆ, ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ ಎಷ್ಟೋ ನಳಿಗೆಯ ಅಗಲ ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅದರೊಳಗೆ ಏನು ತುಂಬುತ್ತೀರಿ ಅನ್ನೋದರ ಮೇಲೆ ಅದು ಬೇರೆ ಬೇರೆ ಆಯುಧವಾಗುತ್ತೆ. ಎಲ್.ಜಿ. ಕಾಡತೂಸಿನಲ್ಲಿ ಚರೆ ಬೆರಳೆಣಿಕೆಯಷ್ಟು, ಒಂದೊಂದೂ ಒಂಬತ್ತು ಮಿಲಿಮೀಟರ್ ದಪ್ಪ. ಆರನೇ ನಂಬರಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಚರೆ, ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು, ಎರಡೂವರೆ ಮಿಲಿಮೀಟರ್ ಚಿಲ್ಲರೆ.

ಚರೆ ಗರಿಷ್ಠ ಎಷ್ಟು ದೂರ ಹೋಗುತ್ತೆ ಅನ್ನಲು ಒಂದು ಹಳೇ ಸೂತ್ರವಿದೆ, ಫ್ರೆಂಚ್ ಸೈನ್ಯಾಧಿಕಾರಿ ಜೂರ್ನೆಯ ಹೆಸರಿನದು. ಚರೆಯ ದಪ್ಪವನ್ನು ಇಂಚಿನಲ್ಲಿ ಹೇಳಿ 2200ರಿಂದ ಗುಣಿಸಿದರೆ ಬರುವುದು ಗಜದಲ್ಲಿ ದೂರ. ಎಲ್.ಜಿ.ಯ ದಪ್ಪ 0.36 ಇಂಚು. ಗುಣಿಸಿ ನೋಡಿ: ಸುಮಾರು 790 ಗಜ, ಅಂದರೆ 700 ಮೀಟರಿಗೂ ಹೆಚ್ಚು. ಆರನೇ ನಂಬರಿಗೆ ಇದೇ ಲೆಕ್ಕ ಹಾಕಿದರೆ 225 ಗಜದ ಹತ್ತಿರ, ಅಂದರೆ ಇನ್ನೂರು ಮೀಟರ್ ಚಿಲ್ಲರೆ. ಸಪ್ಪಳ ಎರಡರದ್ದೂ ಹಂದಿ ಓಡಿಸಲು ಸಾಕು. ಸಪ್ಪಳಕ್ಕೆ ಅಂತ ಓರೆಯಾಗಿ ಮೇಲಕ್ಕೆ ಹಾರಿಸುವವನು ಎಲ್.ಜಿ. ತುಂಬಿದರೆ ಮುಕ್ಕಾಲು ಕಿಲೋಮೀಟರ್ ಸುತ್ತಳತೆಯಲ್ಲಿ ಮಲಗಿದ ಎಲ್ಲರ ಮೇಲೂ ಜೂಜಾಡಿದ ಹಾಗೆ.

ಇದನ್ನು ಕಾಕಾನಿಗೆ ಹೇಳಿದೆ. ಅವರು ಅಟ್ಟದ ಮೇಲೆ ನಿಂತು ಕಣ್ಣಲ್ಲೇ ಅಳೆದರು. ಪಂಪಿನ ಶೆಡ್ಡು ದಾಟಿತು, ಬಂಡಿದಾರಿ ದಾಟಿತು, ಹಣಮಪ್ಪನ ಗುಡಿ, ಅದರಾಚೆ ಕುರಿ ಹಟ್ಟಿ.... ಕೆಳಗಿಳಿದು ಬಂದು ಸುಮ್ಮನೆ ಕೂತರು. "ಇದನ್ಯಾಕ ಯಾರೂ ಹೇಳಲಿಲ್ಲೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೇಳಬೇಕಾದ ಸಂಗತಿಗಳು ಇನ್ನೂ ಇವೆ. ಬಂದೂಕು ಟೆಸ್ಟ್ ಮಾಡುವ ಕ್ರಮ ಲೋಕಕ್ಕೆಲ್ಲ ಗೊತ್ತಿರುವಂಥದ್ದು: ನಲವತ್ತು ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಒಂದು ಹೊಡೆದು, ಚರೆ ಹೆಚ್ಚು ಬಿದ್ದ ಕಡೆ ಮೂವತ್ತು ಇಂಚಿನ ವೃತ್ತ ಎಳೆದು, ಒಳಗೆ ಎಷ್ಟು ಬಿದ್ದವು ಎಣಿಸುವುದು. ನಳಿಗೆಯ ತುದಿ ಕಿರಿದಾಗದೆ ನೇರವಾಗಿದ್ದರೆ ನೂರಕ್ಕೆ ನಲವತ್ತರಷ್ಟು, ಪೂರ್ತಿ ಬಿಗಿ ಚೋಕ್ ಇದ್ದರೆ ಎಪ್ಪತ್ತರಷ್ಟು ಅನ್ನೋದು ಪುಸ್ತಕದ ಲೆಕ್ಕ. ಅದೇ ಬಂದೂಕಿಗೆ ಕಾಡತೂಸು ಬದಲಾದರೆ ಕಾಗದದ ಮೇಲಿನ ಚಿತ್ರವೂ ಬದಲಾಗುತ್ತೆ. ಎಡಕ್ಕೆ ಎಳೆಯುತ್ತದೋ, ಕೆಳಕ್ಕೆ ಬೀಳುತ್ತದೋ, ಹೊಡೆದು ನೋಡದೆ ಬ್ರಹ್ಮನಿಗೂ ಗೊತ್ತಾಗದು.

ಇನ್ನೊಂದು, ಕೋಣೆಯ ಉದ್ದ. ಹಳೇ ಬಂದೂಕುಗಳಲ್ಲಿ ಕಾಡತೂಸು ಕೂರುವ ಜಾಗ 65 ಮಿಲಿಮೀಟರ್, ಹೊಸ ಕಾಡತೂಸು ಹಲವು 70ರವು. ತಮಾಷೆ ಏನೆಂದರೆ ಉದ್ದದ ಕಾಡತೂಸು ಹಳೇ ಬಂದೂಕಿನಲ್ಲಿ ಆರಾಮಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದು. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ಕೂತಿತು ಅಂದರೆ ಸರಿಹೋಯಿತು ಅಂತ ತಿಳಿಯುವವರೇ ಎಲ್ಲ. ಕಂಪೈಲ್ ಆದರೆ ಸಾಕು ಅನ್ನುವ ಹೊಸ ಪ್ರೋಗ್ರಾಮರನ ಹಾಗೆ. ಇಲ್ಲಿ ಕ್ರ್ಯಾಶ್ ಆದರೆ ಹೋಗುವುದು ಎಡಗೈ.

ಮತ್ತೆ, ಚುನಾವಣೆ ಬಂದಾಗಲೆಲ್ಲ ಬಂದೂಕು ಠಾಣೆಗೆ ಒಪ್ಪಿಸಿ ಬರಬೇಕು. ತಿಂಗಳುಗಟ್ಟಲೆ ಗೋಡೆಗೆ ಒರಗಿದ ನಳಿಗೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಿದರೆ? ತಂದವರು ನಳಿಗೆಯೊಳಗೆ ಇಣುಕಿ ನೋಡದೆ ಬಾರು ಹಾಕಿದರೆ ನಳಿಗೆ ಹೂವಿನ ಹಾಗೆ ಸೀಳಬಹುದು. ಇದನ್ನೂ ಯಾರೂ ಹೇಳುವುದಿಲ್ಲ.

ಈಗ ಬೆಂಗಳೂರಿನ ಗೆಳತಿಯ ಮಾತಿಗೆ ಬರುತ್ತೇನೆ. "ಇಷ್ಟೆಲ್ಲ ಅಪಾಯ ಇದ್ದರೆ ಬಂದೂಕೇ ಬೇಡ ಅಂದರಾಯ್ತಲ್ಲ?" ಕೇಳಲು ಸರಿ. ಆದರೆ ಲೈಸನ್ಸ್ ಬಂದೂಕು ಇಲ್ಲದ ಕಡೆ ಏನಾಗುತ್ತಿದೆ ಗೊತ್ತೇ? ತಿನಿಸಿನಲ್ಲಿ ಸಿಡಿಮದ್ದು ಇಟ್ಟು ಹೋಗುತ್ತಾರೆ, ಹಂದಿಗೆ ಅಂತ ಇಟ್ಟದ್ದನ್ನು ಆಕಳು ಕಚ್ಚಿ ದವಡೆ ಕಳೆದುಕೊಳ್ಳುತ್ತೆ. ಬೇಲಿಗೆ ಕಳ್ಳ ಕರೆಂಟು ಕೊಡುತ್ತಾರೆ, ಮನುಷ್ಯರೇ ಸಾಯುತ್ತಾರೆ. ಇವುಗಳ ಪಕ್ಕದಲ್ಲಿ, ಹೆಸರು ವಿಳಾಸ ಸರ್ಕಾರದ ಪುಸ್ತಕದಲ್ಲಿರುವ ಒಬ್ಬ ರೈತನ ಒಂಟಿ ನಳಿಗೆ ಎಷ್ಟೋ ವಾಸಿ, ಅದನ್ನು ಹೇಗೆ ಬಳಸಬೇಕು ಅಂತ ಅವನಿಗೆ ಗೊತ್ತಿದ್ದರೆ.

ನಮ್ಮದೇ ರಾಜ್ಯದ ಕೊಡಗು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿಗೆ ಲೈಸನ್ಸಿನಿಂದಲೇ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ ದಿನ ಮಾಡೋಣ. ನಾನು ಹೇಳೋದು ಕೈಲ್‌ಪೊಳ್ದ್ ಹಬ್ಬದ ಬಗ್ಗೆ. ಅಲ್ಲಿ ಬಂದೂಕು ಒರೆಸಿ, ಪೂಜೆ ಮಾಡಿ, ಆಮೇಲೆ ಊರವರೆಲ್ಲ ಸೇರಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಹಗಲಿನಲ್ಲಿ, ಹಿರಿಯರ ಎದುರು, ಗಂಡಸರೂ ಹೆಂಗಸರೂ. ಅವರ ಹಬ್ಬದೊಳಗೇ ಒಂದು ಟೆಸ್ಟಿಂಗ್ ದಿನ ಇದೆ ಸ್ವಾಮಿ! ನಮ್ಮ ಖಂಡೇನವಮಿಯಲ್ಲಿ ವಿಭೂತಿ ಹಚ್ಚುವಲ್ಲಿಗೆ ಮುಗಿಯಿತು. ಅದರ ಮೇಲೆ 2019ರ ತಿದ್ದುಪಡಿಯಿಂದ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತರುವುದು ಎರಡು ವರ್ಷದವರೆಗೆ ಜೈಲಾಗುವ ಅಪರಾಧ. ಒಳ್ಳೆಯದೇ, ಮದುವೆಯಲ್ಲಿ ಗುಂಡು ಹಾರಿಸುವವರಿಗೆ ಅದು ಬೇಕಿತ್ತು. ಆದರೆ ಹೊಡೆದು ನೋಡುವುದು ತಪ್ಪು ಅಂತ ಹೇಳಿದ ಮೇಲೆ ಎಲ್ಲಿ ಹೊಡೆದು ನೋಡಬಹುದು ಅಂತಲೂ ಹೇಳಬೇಕಲ್ಲ?

2016ರ ನಿಯಮಗಳಲ್ಲಿ ಹೊಸ ಲೈಸನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿ ಅಂತ ಒಂದು ಇದೆ. ಕಾಕಾನಂಥ ಹಳಬರಿಗೆ ಅದೂ ಆಗಿಲ್ಲ. ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ, ಮೂರೇ ಮೂರು.

ಒಂದು, ವರ್ಷಕ್ಕೊಂದು ದಿನ ಜಿಲ್ಲಾ ಪೊಲೀಸರು ತಮ್ಮ ಫೈರಿಂಗ್ ರೇಂಜನ್ನು ಬೆಳೆ ಕಾಯುವ ಲೈಸನ್ಸಿನವರಿಗೆ ಬಿಟ್ಟುಕೊಡಲಿ. ನಾಗರಿಕ ಬಂದೂಕು ತರಬೇತಿ ಶಿಬಿರ ಅಂತ ಜಿಲ್ಲೆಗಳಲ್ಲಿ ನಡೆಸುತ್ತಾರಲ್ಲ, ಅದರ ಜೊತೆಗೇ ಆಗಲಿ. ರೈತ ತನ್ನದೇ ಬಂದೂಕು, ತಾನು ಬಳಸುವುದೇ ಕಾಡತೂಸು ತರಲಿ. ಕಾಗದ ಕಟ್ಟಿ, ಹೊಡೆಸಿ, ಎಣಿಸಿ ತೋರಿಸಲಿ. ಆರ್ಮರರ್ ಒಬ್ಬರು ನಳಿಗೆ ನೋಡಿ, ಕೋಣೆಯ ಉದ್ದ ಅಳೆದು ಲೈಸನ್ಸ್ ಪುಸ್ತಕದಲ್ಲೇ ಬರೆದುಕೊಡಲಿ.

ಎರಡು, ಆ ದಿನ ಹೊಡೆದ ಕಾಡತೂಸು ಅವನ ವರ್ಷದ ಲೆಕ್ಕದಿಂದ ಕಡಿತವಾಗಬಾರದು. ಲೆಕ್ಕ ಬೇಕು ಅನ್ನುವ ಸರ್ಕಾರಕ್ಕೆ ಇದಕ್ಕಿಂತ ಪಕ್ಕಾ ಲೆಕ್ಕ ಎಲ್ಲಿ ಸಿಗುತ್ತೆ? ಪೊಲೀಸರ ಎದುರಿಗೇ ಹೊಡೆದದ್ದು.

ಮೂರು, ಕಾಡತೂಸು ಮಾರುವ ಪ್ರತಿ ಅಂಗಡಿಯಲ್ಲಿ ಕನ್ನಡದ ಒಂದು ಹಾಳೆ. ಯಾವ ನಂಬರು, ಎಷ್ಟು ಚರೆ, ಎಷ್ಟು ದೂರ. ಬೀಜದ ಪಾಕೀಟಿನ ಮೇಲೆ, ಔಷಧದ ಡಬ್ಬಿಯ ಮೇಲೆ ಕನ್ನಡ ಬೇಕು ಅಂತ ಕೂಗುತ್ತೇವೆ, ಜೀವ ತೆಗೆಯುವ ವಸ್ತುವಿನ ವಿವರ ಇಂಗ್ಲಿಷಿನ ಎರಡಕ್ಷರದಲ್ಲಿ ಮುಗಿದು ಹೋಗುತ್ತೆ.

ಹುಡುಗರೇ, ಹಲಗಲಿ ರಕ್ತ ಇದ್ದರೆ ಇದನ್ನು ಕೇಳಿ. ಸೆಮಿ ಆಟೊಮ್ಯಾಟಿಕ್ ವಿಡಿಯೋ ನೋಡಿ ಕಲಿಯಬೇಕಾದ್ದು ಆ ಬಂದೂಕಿನ ಚೆಂದವನ್ನಲ್ಲ, ಆ ಟೋಪಿಯವನ ಕೈಯಲ್ಲಿದ್ದ ಪಟ್ಟಿಯನ್ನ. ಗೆಳತೀ, ನೀನೂ ಕೇಳು. ಬಂದೂಕು ಬೇಡ ಅನ್ನುವವರಿಗೆ ಇರುವ ಬಂದೂಕು ಹೇಗಿದೆ ಅಂತ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು.

1857ರ ಗಲಾಟೆಯೂ ಶುರುವಾದದ್ದು ಒಂದು ಕಾಡತೂಸಿಗೆ ಯಾವ ಕೊಬ್ಬು ಸವರಿದ್ದಾರೆ ಅನ್ನುವ ಪ್ರಶ್ನೆಯಿಂದಲೇ. ಕಾಡತೂಸಿನೊಳಗೆ ಏನಿದೆ ಅಂತ ಕೇಳುವುದು ನಮ್ಮ ಜನಕ್ಕೆ ಹೊಸದಲ್ಲ.

ಕಾಕಾ ಉಳಿದ ಎಲ್.ಜಿ. ಕಾಡತೂಸುಗಳನ್ನು ಹಾಗೇ ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈ ಸುಗ್ಗಿಗೆ ಬಂದೂಕು ಮುಟ್ಟಿಲ್ಲ. ರಾತ್ರಿ ತಗಡಿನ ಡಬ್ಬ ಬಾರಿಸುತ್ತ ಕೂರುತ್ತಾರೆ, ಅರವತ್ತೆರಡನೇ ವಯಸ್ಸಿನಲ್ಲಿ. ನಿನ್ನೆ ಫೋನ್ ಮಾಡಿದ್ದೆ. "ಅರ್ಧ ಎಕರೆ ಹೋತೋ ತಮ್ಮಾ" ಅಂದರು. ಸ್ವಲ್ಪ ತಡೆದು, "ಹೋಗ್ಲಿ ಬಿಡು, ಹುಡುಗ ಉಳದ" ಅಂದರು.

ಅರ್ಧ ಎಕರೆ ಅಥವಾ ಹುಡುಗ, ಎರಡರಲ್ಲಿ ಒಂದು ಆರಿಸಿಕೋ ಅಂತ ಒಬ್ಬ ರೈತನಿಗೆ ಹೇಳುವ ವ್ಯವಸ್ಥೆ ಸರಿಯೇ? ಒಂದು ಹಾಳೆ ಕಾಗದ, ಒಂದು ಹಗಲು, ನಾಲ್ಕು ಕಾಡತೂಸು ಸಾಕಿತ್ತು.

ನೀವೇನಂತೀರಿ? ನಿಮ್ಮ ಊರ ಕಡೆ ಲೈಸನ್ಸ್ ಬಂದೂಕು ಇಟ್ಟವರಿದ್ದರೆ ಒಮ್ಮೆ ಕೇಳಿ ನೋಡಿ, ಹಗಲಿನಲ್ಲಿ ಹೊಡೆದು ನೋಡಿದ್ದಾರಾ ಅಂತ. ಉತ್ತರ ಇಲ್ಲಿ ಬರೆಯಿರಿ. ಬೈಯುವವರೂ ಬೈಯಬಹುದು, ಲೆಕ್ಕದಲ್ಲಿ ತಪ್ಪಿದ್ದರೆ ಮೊದಲು ಅದನ್ನು ತಿದ್ದಿ ಆಮೇಲೆ ಬೈಯಿರಿ :)